ಹೊರಿಮೀರನ ದಿನ, ಪ್ರಾಗಿನ ಮಧ್ಯಾಹ್ನ

ಅರವತ್ತನಾಲ್ಕರ ಗಂಡಸು ತನ್ನ ಹದಿನಾರನೇ ಹುಟ್ಟುಹಬ್ಬಕ್ಕೆಂದು ಕೆಂಪು ಟೈ ಕಟ್ಟಿಕೊಂಡು ಕಚೇರಿಗೆ ಬಂದರೆ ನಗದೆ ಇರುವುದು ಹೇಗೆ ಹೇಳಿ?

ಹೊರಿಮೀರ್ ಕೊಪೆಚ್ನಿ ಹುಟ್ಟಿದ್ದು ಫೆಬ್ರವರಿ ಇಪ್ಪತ್ತೊಂಬತ್ತರಂದು. ಅದು ಸಾಲದು ಎಂಬಂತೆ ಅವನ ಹೆಸರೂ ಆ ದಿನದ್ದೇ. ನಮ್ಮ ಚೆಕ್ ಕ್ಯಾಲೆಂಡರಿನಲ್ಲಿ ಒಂದೊಂದು ದಿನಕ್ಕೂ ಒಂದೊಂದು ಹೆಸರು. ಆ ಹೆಸರಿನವರಿಗೆಲ್ಲ ಅವತ್ತು ಹಬ್ಬ, ಹೂವು, ಕೈಕುಲುಕು, ಅವರ ಕಡೆಯಿಂದ ಕಚೇರಿಗೆಲ್ಲ ತಿಂಡಿ. ಹೊರಿಮೀರ್ ಎಂಬ ಹೆಸರನ್ನು ಯಾವ ಪುಣ್ಯಾತ್ಮ ಆ ಅಧಿಕ ದಿನಕ್ಕೆ ಕಟ್ಟಿದನೋ! ಊರಿಗೆಲ್ಲ ವರ್ಷಕ್ಕೆ ಎರಡು ಹಬ್ಬವಾದರೆ ಇವನಿಗೆ ನಾಲ್ಕು ವರ್ಷಕ್ಕೆ ಎರಡು, ಅವೂ ಒಂದೇ ಕೇಕಿನಲ್ಲಿ ಮುಗಿದುಹೋಗುತ್ತವೆ.

ಮೊದಲು ಟ್ರಾಕ್ಟರ್ ಕಾರ್ಖಾನೆಯಲ್ಲಿ ಎಂಜಿನ್ ಪರೀಕ್ಷಿಸುತ್ತಿದ್ದ. ಕೆಡಿಸುವುದೆಂದರೆ ಅವನಿಗೆ ಪಂಚಪ್ರಾಣ. ಅದನ್ನು ನೋಡಿಯೇ ನಾನು ಅವನನ್ನು ತಂತ್ರಾಂಶ ಪರೀಕ್ಷಿಸಲೆಂದು ನಮ್ಮಲ್ಲಿಗೆ ಎಳೆದು ತಂದೆ. ನಾನು ಬ್ಲಾಜೆನಾ, ಇಲ್ಲಿ ಹೊಸ ಆವೃತ್ತಿಗಳ ಬಿಡುಗಡೆ ನೋಡಿಕೊಳ್ಳುವವಳು. ನಾನು ಹೂಂ ಅನ್ನದೆ ಏನೂ ಹೊರಗೆ ಹೋಗುವುದಿಲ್ಲ. ಅವನು ಹೂಂ ಅನ್ನದೆ ನಾನು ಹೂಂ ಅನ್ನುವುದಿಲ್ಲ.

ನಮ್ಮ ಕೆಲಸ ಏನೆಂದು ನನ್ನ ಅತ್ತೆಗೆ ಹೇಳಿದ ಹಾಗೆಯೇ ಹೇಳಿಬಿಡುತ್ತೇನೆ. ಒಂದು ದೊಡ್ಡ ಕಂಪ್ಯೂಟರನ್ನು ವಠಾರ ಎಂದುಕೊಳ್ಳಿ. ಅಡುಗೆಮನೆ, ಬಚ್ಚಲು ಎಲ್ಲ ಬೇರೆಯೇ ಇಟ್ಟುಕೊಂಡು ಠೀವಿಯಿಂದ ಬದುಕುವ ಬಾಡಿಗೆದಾರ ವರ್ಚುವಲ್ ಮಷಿನ್. ಒಂದೇ ಕೋಣೆ ಹಿಡಿದು, ಬಚ್ಚಲನ್ನು ನಾಲ್ಕು ಜನರ ಜೊತೆ ಹಂಚಿಕೊಂಡು ಸಂಸಾರ ತೂಗಿಸುವವನು ಕಂಟೇನರ್. ಯಾರಿಗೆ ಯಾವ ಕೋಣೆ, ಯಾರಿಗೆಷ್ಟು ನೀರು, ಗಲಾಟೆ ಮಾಡುವವನನ್ನು ಯಾವಾಗ ಹೊರಗೆ ಹಾಕಬೇಕು, ಇದನ್ನೆಲ್ಲ ನೋಡುವ ವಠಾರದ ಯಜಮಾನಿಯೇ ನಮ್ಮ ತಂತ್ರಾಂಶ. ಹೆಸರು 'ಊಲ್', ಅಂದರೆ ಜೇನುಗೂಡು. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಬಿಟ್ಟಿಯಾಗಿ ಬಳಸಬಹುದು, ಬಿಟ್ಟಿಯಾಗಿ ಬೈಯಬಹುದು. ಚಿಲಿಯ ಶಾಲೆಗಳಿಂದ ಹಿಡಿದು ಫಿನ್ಲೆಂಡಿನ ಗ್ರಂಥಾಲಯಗಳವರೆಗೆ ಎಲ್ಲರೂ ಮೂರನ್ನೂ ಧಾರಾಳವಾಗಿ ಮಾಡುತ್ತಾರೆ.

"ಹಾಗಾದ್ರೆ ಬಾಡಿಗೆ ಯಾರು ಕೊಡ್ತಾರೆ?" ಎಂದಳು ಅತ್ತೆ.

"ಯಾರೂ ಕೊಡಲ್ಲ."

"ಅದಕ್ಕೇ ಆ ಹಳೇ ಕೋಟು ನಿನ್ನ ಮೈ ಬಿಡ್ತಿಲ್ಲ," ಎಂದು ಅಲ್ಲಿಗೆ ಮಾತು ಮುಗಿಸಿದಳು.

ಊಲ್‌ನ ಪ್ರತಿ ಹೊಸ ಆವೃತ್ತಿಗೂ ಅದು ಹೊರಬಿದ್ದ ದಿನದ ಹೆಸರು. ಡಿಸೆಂಬರ್ ನಾಲ್ಕಕ್ಕೆ ಬಂದದ್ದು ಬಾರ್ಬೊರಾ, ಹದಿಮೂರಕ್ಕೆ ಬಂದದ್ದು ಲೂಸಿಯೆ. ಇನ್ನೊಂದು ನಿಯಮವಿದೆ, ಅದು ನನ್ನದು. ಗೋಡೆಯ ಹಲಗೆಯ ಮೇಲೆ ದೊಡ್ಡದಾಗಿ ಬರೆಸಿದ್ದೇನೆ: ಬಿಡುಗಡೆ ಮಧ್ಯಾಹ್ನದೊಳಗೆ, ತಪ್ಪಿದರೆ ಮುಂದಿನ ಕೆಲಸದ ದಿನ. ಊಟವಾದ ಮೇಲೆ ಗಂಡಸರ ತಲೆಗೆ ಬರುವ ಯೋಚನೆಗಳನ್ನು ಬಹಳ ಕಂಡಿದ್ದೇನೆ.

ಆದರೆ ನಮ್ಮೂರು ಬರ್ನೋದಲ್ಲಿ ಮಧ್ಯಾಹ್ನ ಆಗುವುದು ಹನ್ನೊಂದಕ್ಕೆ. ಪೇತ್ರೊವ್ ಗುಡ್ಡದ ಇಗರ್ಜಿಯಲ್ಲಿ ಮಧ್ಯಾಹ್ನದ ಗಂಟೆ ಆಗಲೇ ಬಾರಿಸುತ್ತಾರೆ. ಹಿಂದೆ ಸ್ವೀಡನ್ನಿನ ಸೈನ್ಯ ಊರಿಗೆ ಮುತ್ತಿಗೆ ಹಾಕಿದ್ದಾಗ, ಮಧ್ಯಾಹ್ನದ ಗಂಟೆಯೊಳಗೆ ಗೆಲ್ಲದಿದ್ದರೆ ಹೊರಟುಹೋಗುತ್ತೇನೆ ಎಂದು ಅವರ ದಳಪತಿ ಬಾಯಿಬಿಟ್ಟನಂತೆ. ನಮ್ಮವರು ಒಂದು ಗಂಟೆ ಮುಂಚೆಯೇ ಬಾರಿಸಿ ಅವನನ್ನು ಸಾಗಹಾಕಿದರು. ಆಗಿನಿಂದ ಹಾಗೆಯೇ ನಡೆದುಬಂದಿದೆ. ರಾಜಧಾನಿ ಪ್ರಾಗಿನವರು ನಗುತ್ತಾರೆ, ನಗಲಿ.

ಹೊರಿಮೀರನಿಗಿದ್ದದ್ದು ಒಂದೇ ಆಸೆ. ತನ್ನ ಹೆಸರಿನ ಊಲ್ ಒಂದು ಬರಬೇಕು. ಹಿಂದಿನ ಸಲ ಆ ತಾರೀಕು ಶನಿವಾರ ಬಿದ್ದು, ಬಿಡುಗಡೆ ಸೋಮವಾರಕ್ಕೆ ಹೋಗಿ, ಆವೃತ್ತಿ ಆನೆಷ್ಕಾ ಆಗಿಬಿಟ್ಟಿತು. ಈ ಸಲ ಗುರುವಾರ. ಬೇಸಗೆಗೆ ಅವನ ನಿವೃತ್ತಿ. ಇವತ್ತು ತಪ್ಪಿದರೆ ಇನ್ನಿಲ್ಲ. ನಾಳೆ ಅಂದರೆ ಮಾರ್ಚ್ ಒಂದು, ಅದು ಬೆದ್ರಿಖ್ ಎಂಬ ಹೆಸರಿನ ದಿನ. ಎದುರು ಮೇಜಿನಲ್ಲೇ ಕೂತಿದ್ದ ನಮ್ಮ ಪ್ರೋಗ್ರಾಮರ್‌ನ ಹೆಸರೂ ಬೆದ್ರಿಖ್. ನಾವು ಕರೆಯುವುದು ಬೇದ್ಯಾ ಎಂದು. ಅವನು ಪ್ರಾಗಿನವನು ಬೇರೆ.

"ಏನ್ ಹೊರಿಮೀರಣ್ಣಾ, ಟೈ ಜೋರಾಗಿದೆ! ಹದಿನಾರಕ್ಕೆ ಹುಡುಗಿ ನೋಡೋಕೆ ಹೊರಟಿದ್ದೀರಾ?" ಎಂದ ಬೇದ್ಯಾ.

"ನೋಡ್ತೀನಿ ಕಣೋ. ನಿನ್ನ ಹಾಗೆ ಮುಖಕ್ಷೌರ ಮಾಡ್ದೆ ಹೋಗಲ್ಲ."

ತಟ್ಟೆ ತಟ್ಟೆ ತಿಂಡಿ ತಂದಿದ್ದ. ಆಲೂಗಡ್ಡೆ ಸಲಾಡು ಸವರಿ, ಹ್ಯಾಮ್, ಮೊಟ್ಟೆ, ಉಪ್ಪಿನಕಾಯಿ ಸೌತೆ ಹೇರಿದ ಬ್ರೆಡ್ಡಿನ ತುಂಡುಗಳು. ನಾಲ್ಕು ವರ್ಷದ ಬಾಕಿ ಒಟ್ಟಿಗೇ ತೀರಿಸುವವನಂತೆ ಕಿಟಕಿಯ ಅಂಚಿನ ತನಕ ಜೋಡಿಸಿದ್ದ. ಸ್ಲಿವೊವಿತ್ಸೆ ಸಾರಾಯಿಯ ಬಾಟಲಿಯೂ ಇತ್ತು. ಅದನ್ನು ನಾನು ಬೀರುವಿಗೆ ಸೇರಿಸಿ ಬೀಗ ಹಾಕಿದೆ.

"ಬಿಡುಗಡೆ ಆಗ್ಲಿ, ಆಮೇಲೆ."

"ಯಜಮಾನ್ತೀ, ವಾಸನೆ ನೋಡೋದಕ್ಕಾದ್ರೂ..."

"ಕೈ ತೆಗಿ."

ಹತ್ತೂವರೆಗೆ ಎಲ್ಲ ಸಿದ್ಧವಾಗಿತ್ತು. ಪರದೆಯ ಮೇಲೆ 'ಊಲ್ ಹೊರಿಮೀರ್' ಎಂದು ಬರೆದಾಗಿತ್ತು. ಇಂಟರ್ನೆಟ್ಟಿನ ಹರಟೆಯ ಕಟ್ಟೆಯಲ್ಲಿ ನಿದ್ದೆಗೆಟ್ಟು ಕೂತಿದ್ದ ಚಿಲಿಯವರು ಆ ಹೆಸರನ್ನು ಹೇಗೆ ಉಚ್ಚರಿಸುವುದೆಂದು ಆಗಲೇ ಜಗಳ ಶುರು ಮಾಡಿದ್ದರು. ಹೊರಿಮೀರ್ ಪರೀಕ್ಷೆಯ ಯಂತ್ರದ ಮುಂದೆ ಕೂತು, ಸುಮ್ಮನಿರಲಾರದೆ, ಕೊನೆಯ ಸಲ ಒಂದು ಹೊಸ ಕಂಟೇನರ್ ತೆರೆದ. ಅದಕ್ಕೆ 'ಕೊಹ್ಲ್‌ರಾಬಿ' ಎಂದು ಹೆಸರಿಟ್ಟ. ತರಕಾರಿ ಹೆಸರಿಡುವುದು ಅವನ ಚಟ. ಅದರ ಬ್ಯಾಕಪ್ ಪ್ರತಿ ತೆಗೆದಿಟ್ಟ.

ನಾನು ಅವನನ್ನೇ ನೋಡುತ್ತಿದ್ದೆ. ಕಿವಿಯಿಂದ ಕಿವಿಗೆ ಇದ್ದ ನಗು ನಿಧಾನವಾಗಿ ಇಳಿಯಿತು. ಟೈ ಸಡಿಲ ಮಾಡಿಕೊಂಡ.

"ತಡೀರಿ," ಎಂದ.

"ಏನಾಯ್ತೋ?"

"ಬ್ಯಾಕಪ್ ಇಲ್ಲ. ಈಗ ತಾನೇ ತೆಗ್ದೆ, ಈಗಲೇ ಅಳಿಸಿಹೋಗಿದೆ."

ಬೇದ್ಯಾ ಎದ್ದು ಬಂದ. ಬ್ಯಾಕಪ್‌ಗಳನ್ನು ಸರಿಯಾಗಿ ಒಂದು ವರ್ಷ ಇಟ್ಟುಕೊಂಡು ಆಮೇಲೆ ಅಳಿಸುವ ಹೊಸ ಸೌಕರ್ಯ ಅವನೇ ಬರೆದದ್ದು. ಇವತ್ತು ಫೆಬ್ರವರಿ ಇಪ್ಪತ್ತೊಂಬತ್ತು. ಮುಂದಿನ ವರ್ಷ ಆ ತಾರೀಕೇ ಇಲ್ಲ. ಪ್ರೋಗ್ರಾಮು ಹುಡುಕಿತು, ಸಿಗಲಿಲ್ಲ. ಇಲ್ಲದ ತಾರೀಕು ಮುಗಿದ ತಾರೀಕಿಗೆ ಸಮ ಎಂದು ತೀರ್ಮಾನಿಸಿ ಅಳಿಸಿಹಾಕಿತು. ಇದನ್ನು ಹೊರಗೆ ಬಿಟ್ಟಿದ್ದರೆ ಇವತ್ತು ತೆಗೆದ ಬ್ಯಾಕಪ್ ಲೋಕದಲ್ಲಿ ಯಾರದ್ದೂ ಉಳಿಯುತ್ತಿರಲಿಲ್ಲ.

ಹೊರಿಮೀರನ ಮೇಲೆ ನನಗೆ ಕೋಪ ನೆತ್ತಿಗೇರಿತು. "ಎಲ್ಲಾ ತಾರೀಕೂ ಇಟ್ಟು ನೋಡಿದ್ದೀನಿ ಅಂದೆಯಲ್ಲೋ! ಯಂತ್ರದ ಗಡಿಯಾರ ಮುಂದಕ್ಕೆ ತಿರುಗಿಸಿ ಒಂದೊಂದು ದಿನಾನೂ ನೋಡಿದೆ ಅಂದೆ!"

"ನೋಡ್ದೆ. ಇವತ್ತಿನದ್ದು ಒಂದು ಬಿಟ್ಟು."

"ಯಾಕೆ?"

ಅವನ ಮುಖ ಟೈಗಿಂತ ಕೆಂಪಾಯಿತು. "ಹಬ್ಬದ ದಿನವನ್ನ ಮುಂಚೇನೇ ಕರೆದ್ರೆ ಅನಿಷ್ಟ ಅಂತ ಅಮ್ಮ ಹೇಳ್ತಿದ್ಲು. ಗಡಿಯಾರದಲ್ಲಿ ಆ ದಿನ ಇಡೋಕೆ ಕೈ ಬರ್ಲಿಲ್ಲ."

ನನಗೆ ಸಿಟ್ಟು, ನಗು ಎರಡೂ ಒಟ್ಟಿಗೇ ಉಕ್ಕಿ ಬಂದವು. ಅಯ್ಯೋ ದೇವರೇ ಎಂದು ಕೂಗಬೇಕೆನಿಸಿತು. ಈ ಮನುಷ್ಯ ಬಾಯಿ ಮುಚ್ಚಿಕೊಂಡಿದ್ದರೆ ಅರ್ಧ ಗಂಟೆಯಲ್ಲಿ ಅವನ ಹೆಸರು ಲೋಕವೆಲ್ಲ ಓಡಾಡುತ್ತಿತ್ತು. ಅದನ್ನು ನಾನೂ ಬಲ್ಲೆ, ಅವನೂ ಬಲ್ಲ. ಆದರೂ ತಡೀರಿ ಎಂದ.

ಬೇದ್ಯಾ ಕೂತು ಕೀಲಿಮಣೆ ಕುಟ್ಟತೊಡಗಿದ.

"ನಿಧಾನಕ್ಕೆ ಮಾಡಪ್ಪಾ," ಎಂದೆ ಚುಚ್ಚಿ. "ನಾಳೆ ನಿನ್ನದೇ ದಿನ. ನಿನಗೇನು ಅವಸರ?"

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ ಮೇಡಂ," ಎಂದ. ಪರದೆಯಿಂದ ಕಣ್ಣು ಕೀಳಲಿಲ್ಲ.

ತಿದ್ದುವುದು ಬೇಗ ಆಯಿತು. ಪರೀಕ್ಷೆ ಮಾತ್ರ ಬೇಗ ಆಗುವಂಥದ್ದಲ್ಲ. ನೂರಾರು ಕಂಟೇನರ್ ಹುಟ್ಟಬೇಕು, ಮಲಗಬೇಕು, ಏಳಬೇಕು, ಸಾಯಬೇಕು. ಹೊರಿಮೀರ್ ಒಂದನ್ನೂ ಬಿಡಲೊಪ್ಪಲಿಲ್ಲ. ಅರ್ಧ ಮುಗಿದಿತ್ತು, ಅಷ್ಟರಲ್ಲಿ ಪೇತ್ರೊವ್ ಗುಡ್ಡದಿಂದ ಢಣ್ ಎಂದಿತು.

ಗಂಟೆ ತನ್ನ ಪಾಡಿಗೆ ಬಾರಿಸಿ ಮುಗಿಸಿತು. ಹೊರಿಮೀರ್ ಟೈ ಬಿಚ್ಚಿ ಮಡಚಿ ಜೇಬಿಗಿಟ್ಟುಕೊಂಡ. "ಆಯ್ತು ಬಿಡಿ," ಎಂದ. "ತಿಂಡಿ ತಿನ್ನಿ, ಬ್ರೆಡ್ಡು ಮೆತ್ತಗಾಗುತ್ತೆ." ನಿಯಮ ಮುರಿದುಬಿಡೋಣ ಎಂದು ಒಂದು ಕ್ಷಣ ಅನಿಸಿತು. ಆದರೆ ಹಲಗೆ ಎದುರಿಗೇ ಇತ್ತು. ಎಷ್ಟು ಜನರಿಂದ ಆ ಹಲಗೆ ತೋರಿಸಿ ಕಣ್ಣೀರು ಹಾಕಿಸಿದ್ದೇನೆ! ಇವತ್ತು ಬಿಟ್ಟುಕೊಟ್ಟರೆ ನಾಳೆ ನನ್ನ ಮಾತು ಯಾರು ಕೇಳುತ್ತಾರೆ?

ಬೇದ್ಯಾ ತನ್ನ ಕೈಗಡಿಯಾರವನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

"ಹಲಗೇಲಿ ಏನಿದೆ ಮೇಡಂ? ಮಧ್ಯಾಹ್ನ ಅಂತಿದೆ."

"ಮಧ್ಯಾಹ್ನ ಆಯ್ತಲ್ಲ. ಕಿವಿ ಕೇಳಲ್ವಾ?"

"ನಿಮ್ಮೂರಲ್ಲಿ ಆಯ್ತು. ಪ್ರಾಗಲ್ಲಿ ಇನ್ನೂ ಆಗಿಲ್ಲ. ನಮ್ಮಲ್ಲಿ ಹನ್ನೆರಡಕ್ಕೆ ಆಗೋದು. ಪಾಪ, ಚಿಲಿಯವರಿಗೆ ಇನ್ನೂ ಸೂರ್ಯನೂ ಹುಟ್ಟಿಲ್ಲ."

ಕೋಣೆಯಲ್ಲಿದ್ದ ಬರ್ನೋದವರೆಲ್ಲ ನನ್ನ ಮುಖ ನೋಡಿದರು. ಪ್ರಾಗಿನ ಮಧ್ಯಾಹ್ನ ಒಪ್ಪಿಕೊಳ್ಳುವುದೇ! ನಮ್ಮಜ್ಜ ಕೇಳಿದ್ದರೆ ಗೋರಿಯಿಂದ ಎದ್ದು ಬಂದು ಬೈಯುತ್ತಿದ್ದರು. ಸ್ವೀಡನ್ನಿನವರಿಗೇ ಬಗ್ಗದ ಊರು ಇದು.

"ನಾಳೆ ಬಿಟ್ರೆ ಅದು ಊಲ್ ಬೆದ್ರಿಖ್ ಆಗುತ್ತೆ ಕಣೋ," ಎಂದೆ ಮೆಲ್ಲಗೆ. "ಯೋಚನೆ ಮಾಡಿದ್ದೀಯಾ?"

"ನನ್ನ ದಿನ ವರ್ಷ ವರ್ಷ ಬರುತ್ತೆ," ಎಂದ. "ಬೇಗ ಹೇಳಿ, ಪ್ರಾಗಲ್ಲೂ ಹೊತ್ತು ಓಡ್ತಿದೆ."

ಪೆನ್ನು ತೆಗೆದುಕೊಂಡು ಹೋಗಿ, ಹಲಗೆಯ ಮೇಲೆ 'ಮಧ್ಯಾಹ್ನ' ಎಂಬುದರ ಮುಂದೆ ಸಣ್ಣ ಅಕ್ಷರದಲ್ಲಿ 'ಪ್ರಾಗಿನದೂ ನಡೆಯುತ್ತದೆ, ನಾಲ್ಕು ವರ್ಷಕ್ಕೊಮ್ಮೆ' ಎಂದು ಬರೆದೆ. ಜನ ಮೇಜು ಕುಟ್ಟಿದರು. ಯಾರೋ ಸೀಟಿ ಹೊಡೆದರು. ಹೊರಿಮೀರ್ ಟೈ ಮತ್ತೆ ಕಟ್ಟಿಕೊಂಡ, ಅವಸರಕ್ಕೆ ಗಂಟು ಕಿವಿಯ ಹತ್ತಿರ ಬಂತು. ಆದರೂ ಒಂದು ಕಂಟೇನರ್ ಬಿಡದೆ ನೋಡಿ ಮುಗಿಸಿ, ಹನ್ನೆರಡಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ, ನನ್ನ ಕಡೆ ತಿರುಗಿ "ಹೂಂ" ಎಂದ.

ನಾನೂ ಹೂಂ ಎಂದೆ. ಊಲ್ ಹೊರಿಮೀರ್ ಲೋಕಕ್ಕೆ ಹೊರಟುಹೋಯಿತು.

ಬೀರು ತೆರೆದೆ. ಆಮೇಲೆ ಕೋಣೆಯಲ್ಲಿ ಕುಣಿಯದವರು ಯಾರೂ ಇರಲಿಲ್ಲ, ನಾನೂ ಕುಣಿದೆ, ಮಂಡಿನೋವು ಎಲ್ಲಿ ಹೋಗಿತ್ತೋ. ಹೊರಿಮೀರ್ ವಿಶ್ಕೋವ್‌ನಲ್ಲಿರುವ ತಾಯಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ಮುದುಕಿಗೆ ಕಿವಿ ಮಂದ, ಹಾಗಾಗಿ ಮಾತೆಲ್ಲ ಕೋಣೆಗೆಲ್ಲ ಕೇಳುವ ಹಾಗೆಯೇ ಆಗಬೇಕು.

"ಅಮ್ಮಾ! ನನ್ನ ಹೆಸರು ಇಟ್ಟಾಯ್ತು! ಲೋಕವೆಲ್ಲ ನೋಡ್ತಿದೆ!"

"ಆ ಹೆಸರೇ? ಆ ಹೆಸರು ಬೇಡ ಅಂತ ನಿಮ್ಮಪ್ಪನ ಹತ್ರ ಎಷ್ಟು ಬಡ್ಕೊಂಡೆ. ಡಾಕ್ಟ್ರು ಮಾರ್ಚ್ ಒಂದು ಅಂದಿದ್ರು. ಬೆದ್ರಿಖ್ ಅಂತ ಸ್ವೆಟರ್ ಮೇಲೆ ಹೆಸರೂ ಹಾಕಿ ಹೆಣೆದಿಟ್ಟಿದ್ದೆ. ನೀನು ಅವಸರಗೇಡಿ, ಒಂದಿನ ಮುಂಚೇನೇ ಬಂದ್ಬಿಟ್ಟೆ!"

ಬೇದ್ಯಾ ನಕ್ಕು ನಕ್ಕು ಮೇಜಿನ ಕೆಳಗೆ ಜಾರಿದ. ಕಣ್ಣೀರು ಒರೆಸಿಕೊಂಡು ಅಲ್ಲಿಂದಲೇ ಕೂಗಿ ಕೇಳಿದ, "ಅಜ್ಜೀ, ಆ ಸ್ವೆಟರ್ ಇನ್ನೂ ಇದೆಯಾ?"

"ಪೆಟ್ಟಿಗೇಲಿದೆ. ಬಿಸಾಡೋಕೆ ಮನಸ್ಸು ಬರ್ಲಿಲ್ಲ."

ಮರುದಿನ ಬೆಳಿಗ್ಗೆ ಬೇದ್ಯಾನ ಮೇಜಿನ ಮೇಲೆ ಒಂದು ಕಾಗದದ ಪೊಟ್ಟಣವಿತ್ತು. ಹೊರಿಮೀರ್ ಸಂಜೆಯ ರೈಲಿನಲ್ಲಿ ಹೋಗಿ ತಂದಿದ್ದ. ನೀಲಿ ಉಣ್ಣೆಯ ಅಂಗೈಯಗಲದ ಸ್ವೆಟರ್, ಎದೆಯ ಮೇಲೆ ಬಿಳಿಯಲ್ಲಿ ಬೆದ್ರಿಖ್. ಬೇದ್ಯಾ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ. ಆಮೇಲೆ ಟೊಪ್ಪಿಯ ಹಾಗೆ ತಲೆಗೆ ಸಿಕ್ಕಿಸಿಕೊಂಡು ಕೆಲಸಕ್ಕೆ ಕೂತ.

ಹನ್ನೊಂದಕ್ಕೆ ಗಂಟೆ ಬಾರಿಸಿತು. ಅವತ್ತು ಬಿಡುಗಡೆಗೆ ನಮ್ಮಲ್ಲಿ ಏನೂ ಇರಲಿಲ್ಲ. ಆದರೂ ಎಲ್ಲರೂ ಎದ್ದು ನಿಂತು ಅವನಿಗೆ ಚಪ್ಪಾಳೆ ಹೊಡೆದೆವು.