ದೊಡ್ಡಪ್ಪನ ಎಡಗೆನ್ನೆ

ಬೆಳಕು ಹರಿಯುತ್ತಿದೆ. ಈಕೆ ಮಾತ್ರ ಕೂತಲ್ಲಿ ಕೂರುತ್ತಿಲ್ಲ, ನಿಂತಲ್ಲಿ ನಿಲ್ಲುತ್ತಿಲ್ಲ. ಡಿಜಿಟಲ್ ಪೆನ್ನು ಹಿಡಿಯುತ್ತಾಳೆ, ಇಡುತ್ತಾಳೆ, ಕಿಟಕಿ ತೆರೆಯುತ್ತಾಳೆ, ಮತ್ತೆ ಮುಚ್ಚುತ್ತಾಳೆ. ಕಂಪ್ಯೂಟರ್ ಪರದೆಯಲ್ಲಿ ಕಿವಿಯಿಲ್ಲದ, ಕತ್ತಿನ ಸೀಳುಗಳಿಂದ ಉಸಿರಾಡುವ ಒಂದು ಮುಖ ಅವಳನ್ನೇ ದಿಟ್ಟಿಸುತ್ತಿದೆ. ಸಿನಿಮಾ ಒಂದಕ್ಕೆ ಅವಳು ಕಡೆಯುತ್ತಿರುವ ಅನ್ಯಗ್ರಹದ ಮುದುಕ ಅದು. ಸ್ಟುಡಿಯೋದವರೆಲ್ಲ ಅದನ್ನು ಕರೆಯುವುದು 'ದೊಡ್ಡಪ್ಪ' ಅಂತ.

ನಿರ್ದೇಶಕರು ಈಗಾಗಲೇ ಎರಡು ಸಲ ತಲೆಯಾಡಿಸಿ ಹೋಗಿದ್ದಾರೆ. "ಚೆನ್ನಾಗಿದೆಯಮ್ಮ, ಆದ್ರೆ ಗೊಂಬೆ ಥರ ಇದೆ" ಎಂದಿದ್ದರು. ಇವತ್ತು ಕೊನೆಯ ಸಲ ನೋಡುತ್ತಾರೆ. ಒಪ್ಪದಿದ್ದರೆ ದೊಡ್ಡಪ್ಪನನ್ನು ಕಥೆಯಿಂದಲೇ ಕಿತ್ತುಹಾಕುತ್ತಾರಂತೆ. ತಿಂಗಳುಗಟ್ಟಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದೆಲ್ಲ ಮಣ್ಣುಪಾಲು.

ಆ 'ಗೊಂಬೆ' ಅನ್ನುವ ಮಾತು ಅವಳಿಗೆ ಮುಳ್ಳಿನ ಹಾಗೆ ಚುಚ್ಚಿದೆ. ಚುಚ್ಚದೆ ಇನ್ನೇನು! ಮೊದಲು ಅವಳು ದುಡಿದದ್ದೇ ಬಟ್ಟೆ ಅಂಗಡಿಗಳ ಗೊಂಬೆ ತಯಾರಿಸುವ ಶೆಡ್ಡಿನಲ್ಲಿ. ಅಲ್ಲಿ ಎರಡು ಕೆನ್ನೆಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಮೇಸ್ತ್ರಿ ಗೊಂಬೆಯನ್ನು ಮೂಲೆಗೆ ಎಸೆಯುತ್ತಿದ್ದ. ಶೆಡ್ಡು ಮುಚ್ಚಿದ ಮೇಲೆ ಕಂಪ್ಯೂಟರ್ ಕಲಿತಳು. ಜೇಡಿಮಣ್ಣು ಹೋಯಿತು, ಕೈ ಅದೇ ಉಳಿಯಿತು.

ದೊಡ್ಡಪ್ಪನ ಚರ್ಮದ ಮಾದರಿಗೆ ಮಾತ್ರ ಅವಳು ಯಾರ ಮನೆಗೂ ಹೋಗುವುದಿಲ್ಲ. ಅತ್ತೆಯ ಮೊಣಕೈ, ಮಾವನ ಒಡೆದ ಹಿಮ್ಮಡಿ, ಗಂಡನ ಕುತ್ತಿಗೆ, ಎಲ್ಲದರ ಫೋಟೋ ತೆಗೆದು ದೊಡ್ಡಪ್ಪನಿಗೆ ಹೊದಿಸಿದ್ದಾಳೆ. ಅತ್ತೆಯದು ಒಂದೇ ಗೊಣಗಾಟ: "ಇಷ್ಟು ಲಕ್ಷಣವಾದ ಮುಖ ಇದೆ, ಇವಳು ನೋಡಿದ್ರೆ ಮೊಣಕೈ ಫೋಟೋ ತೆಗೀತಾಳೆ!"

ಈಗಲೂ ಅತ್ತೆ ಚಹಾ ಹಿಡಿದು ಬಂದಿದ್ದಾರೆ, ನಿದ್ದೆಗಣ್ಣಲ್ಲಿ. ಎಡಗೆನ್ನೆಯ ಮೇಲೆ ದಿಂಬಿನ ಗೆರೆ ಎದ್ದಿದೆ, ಬಲಗೆನ್ನೆ ಸಪಾಟು. ಈಕೆ ಆ ಮುಖವನ್ನೂ ಪರದೆಯನ್ನೂ ನೋಡುತ್ತಾಳೆ, ಹಣೆ ಚಚ್ಚಿಕೊಳ್ಳುತ್ತಾಳೆ.

"ಅಯ್ಯೋ ನನ್ನ ಬುದ್ಧಿಗಿಷ್ಟು! ಕನ್ನಡಿ ಆಫ್ ಮಾಡೇ ಇಲ್ವಲ್ಲ!"

ಕನ್ನಡಿ ಅಂದರೆ ಒಂದು ಬದಿ ಕಡೆದರೆ ಇನ್ನೊಂದು ಬದಿಯನ್ನು ಕಂಪ್ಯೂಟರೇ ತದ್ರೂಪವಾಗಿ ಮಾಡಿಕೊಡುವ ಸೌಲಭ್ಯ. ಶುರುವಿನಲ್ಲಿ ಬೇಕು, ಆಮೇಲೆ ಆಫ್ ಮಾಡಬೇಕು. ಗೊಂಬೆ ಶೆಡ್ಡಿನ ಕೈಗೆ ಅದು ತಪ್ಪು ಅನ್ನಿಸಿಯೇ ಇರಲಿಲ್ಲ. ಒಂದೊಂದು ಸುಕ್ಕಿಗೂ ಆಚೆ ಬದಿಯಲ್ಲಿ ಅವಳಿ ಹುಟ್ಟಿದೆ.

"ಅತ್ತೆ, ನೀವು ಊಟ ಯಾವ ಕಡೆ ಅಗೀತೀರಿ?"

"ಬಲಗಡೆ ಹಲ್ಲು ಎಲ್ಲಿದೆ ಮಾರಾಯ್ತಿ? ಎಡಗಡೆನೇ. ಯಾಕೆ, ಈಗ ಹಲ್ಲಿನ ಫೋಟೋನಾ?"

ಕನ್ನಡಿ ಆಫ್ ಆಗುತ್ತದೆ. ದೊಡ್ಡಪ್ಪ ಇನ್ನು ಎಡಗಡೆಯೇ ಅಗಿಯುತ್ತಾನೆ. ಆ ದವಡೆ ಗಟ್ಟಿಯಾಗುತ್ತದೆ, ಒರಗಿ ಮಲಗುವ ಕೆನ್ನೆ ಜೋಲುತ್ತದೆ, ಕತ್ತಿನ ಒಂದು ಸೀಳು ಸೋತು ಅರ್ಧ ಮುಚ್ಚುತ್ತದೆ. ಅತ್ತೆಯ ಚಹಾ ಕೆನೆಗಟ್ಟಿದರೂ ಅವಳು ಮುಟ್ಟುವುದಿಲ್ಲ.

ಸ್ಟುಡಿಯೋದಲ್ಲಿ ನಿರ್ದೇಶಕರು ಪರದೆಯ ಮುಂದೆ ಕೂತು ದೊಡ್ಡಪ್ಪನ ಮುಖವನ್ನು ಅತ್ತಿತ್ತ ತಿರುಗಿಸಿ ನೋಡುತ್ತಾರೆ. ಇವಳು ಹಿಂದೆ ನಿಂತು ಉಗುರು ಕಚ್ಚುತ್ತಾಳೆ. ಕೊನೆಗೆ ಅವರು ಮೆಲ್ಲಗೆ ಕೇಳುತ್ತಾರೆ, "ಪಾಪ, ಇವನಿಗೆ ಉಸಿರಾಡೋಕೆ ಕಷ್ಟ ಆಗ್ತಿದೆಯಾ?"

ಅವಳ ಕಣ್ಣು ತುಂಬಿ ಬರುತ್ತದೆ. ದೊಡ್ಡಪ್ಪ ಉಳಿದ.

ಸಿನಿಮಾದ ಕೊನೆಗೆ ಸಾಲುಸಾಲಾಗಿ ಓಡುವ ಹೆಸರುಗಳಲ್ಲಿ ನಿಮ್ಮ ಹೆಸರು ಯಾರಿಗೂ ಕಾಣಿಸುವುದಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಅವಳು ನಗುತ್ತಾಳೆ. "ಕಾಣದಿದ್ರೆ ಬಿಡಿ. ಕಥೆಯಲ್ಲಿ ನಮ್ ದೊಡ್ಡಪ್ಪ ಸಾಯ್ತಾನೆ. ಆಗ ಥಿಯೇಟರಲ್ಲಿ ಯಾರೋ ಒಬ್ರು ಅಯ್ಯೋ ಅಂದ್ರೆ ಸಾಕು, ನಂಗೆ."