ಡಬ್ಬಿಯಲ್ಲಿ ಮೆದುಳು ಹೊತ್ತು ಬಸವಕಲ್ಯಾಣಕ್ಕೆ

ಹುಮನಾಬಾದ್ ನಿಲ್ದಾಣದಲ್ಲಿ ರೈಲಿನಿಂದ ಇಳಿದಾಗ ಬೆಳಗಿನ ಏಳೂವರೆ. ಡಿಸೆಂಬರ್ ತಿಂಗಳು. ತುಮಕೂರಿನವಳಾದ ನನಗೆ ಬೀದರ್ ಸೀಮೆ ಎಂದರೆ ಬಿಸಿಲು ಎಂದಷ್ಟೇ ಗೊತ್ತಿತ್ತು, ಸ್ವೆಟರ್ ತಂದಿರಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು. ಹೆಗಲಿಗೊಂದು ಬಟ್ಟೆಯ ಚೀಲ, ಕೈಯಲ್ಲೊಂದು ಸ್ಟೀಲಿನ ಡಬ್ಬಿ. ಡಬ್ಬಿಯೊಳಗೆ ಮೆದುಳಿತ್ತು. ಗಾಬರಿಯಾಗಬೇಡಿ, ಪ್ಲಾಸ್ಟಿಕ್ಕಿನದು.

ಇಪ್ಪತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ ನಾನು ಈಗ ಆರು ವರ್ಷಗಳಿಂದ ಶಿಕ್ಷಕರಿಗೆ ತರಬೇತಿ ಕೊಡುತ್ತ ಊರೂರು ತಿರುಗುತ್ತಿದ್ದೇನೆ. ಮೆದುಳು ಹೇಗೆ ಕಲಿಯುತ್ತದೆ, ಅದಕ್ಕೆ ತಕ್ಕಂತೆ ನಾವು ಹೇಗೆ ಕಲಿಸಬೇಕು ಎಂಬುದು ನನ್ನ ವಿಷಯ. ಬಸವಕಲ್ಯಾಣದಲ್ಲಿ ಎರಡು ದಿನ ತರಬೇತಿ, ಮೂರನೆಯ ದಿನ ಯಾವುದಾದರೊಂದು ಶಾಲೆಗೆ ಭೇಟಿ ಎಂದು ನಿಗದಿಯಾಗಿತ್ತು. ಹುಮನಾಬಾದ್, ಬಸವಕಲ್ಯಾಣ ಎರಡೂ ತಾಲ್ಲೂಕುಗಳಿಂದ ನಲವತ್ತು ಶಿಕ್ಷಕರು ಬರುವವರಿದ್ದರು.

ನಿಲ್ದಾಣದಿಂದ ಬಸ್ ಸ್ಟ್ಯಾಂಡಿಗೆ ಶೇರ್ ಆಟೊ, ಇಪ್ಪತ್ತು ರೂಪಾಯಿ. ಅಲ್ಲಿ ಸಣ್ಣ ಗಾಜಿನ ಲೋಟದಲ್ಲಿ ಕಡಕ್ ಚಹಾ ಕುಡಿದು ಕಲ್ಯಾಣದ ಬಸ್ಸು ಹತ್ತಿದೆ. ಹೆಂಗಸಾದ್ದರಿಂದ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಮೂವತ್ತು ಕಿಲೋಮೀಟರಿನ ಆಸುಪಾಸು. ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ತೆವಳುತ್ತಿದ್ದವು, ನಮ್ಮ ಬಸ್ಸೂ ಅವುಗಳ ಹಿಂದೆ ತೆವಳಿತು. ಪಕ್ಕದಲ್ಲಿ ಕುಳಿತ ಅಜ್ಜಿಯ ಕಣ್ಣು ನನ್ನ ಡಬ್ಬಿಯ ಮೇಲೆಯೇ ಇತ್ತು.

“ಏನದರಿ ಡಬ್ಬ್ಯಾಗ?”

ಮುಚ್ಚಳ ತೆಗೆದು ತೋರಿಸಿದೆ.

“ಯವ್ವಾ! ಫೂಲಗೋಬಿ ಅಂದ್ಕೊಂಡೆ. ಏನಿದು?”

“ಮೆದುಳು ಅಜ್ಜಿ.”

“ಯಾರದು?”

ಯಾರದೂ ಅಲ್ಲ, ಮಾದರಿ ಮಾತ್ರ, ಇದನ್ನು ತೋರಿಸಿ ಮಾಸ್ತರರಿಗೆ ಪಾಠ ಮಾಡುತ್ತೇನೆ ಎಂದು ವಿವರಿಸಿದೆ. ಅಜ್ಜಿ ಡಬ್ಬಿಯನ್ನೂ ನನ್ನನ್ನೂ ಎರಡೆರಡು ಸಲ ನೋಡಿದಳು. “ಯಾಕ, ನಮ್ಮ ಮಾಸ್ತರಗೋಳಿಗಿ ಇದು ಇಲ್ಲೇನು?” ಎಂದು ಕೇಳಿದಳು. ಅರ್ಧ ಬಸ್ಸು ನಕ್ಕಿತು. ಮುಂದಿನ ಸೀಟಿನಲ್ಲಿ ಕುಳಿತಿದ್ದ ಇಬ್ಬರು ಎಲ್ಲರಿಗಿಂತ ಜೋರಾಗಿ ನಕ್ಕರು. ಅವರೂ ಮಾಸ್ತರರೇ, ನನ್ನ ತರಬೇತಿಗೇ ಹೊರಟವರು ಎಂದು ಆಮೇಲೆ ತಿಳಿಯಿತು.

ತರಬೇತಿ ನಡೆದದ್ದು ಕೋಟೆಗೆ ಹತ್ತಿರದ ಒಂದು ಸಭಾಂಗಣದಲ್ಲಿ. ಉಪ್ಪಿಟ್ಟು, ಚಹಾ, ಸಹಿ ಎಲ್ಲ ಮುಗಿಸಿ ಹತ್ತೂವರೆಗೆ ಶುರು ಮಾಡಿದೆ. ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ. ಒಂದೇ ಸಮನೆ ಕೇಳುತ್ತ ಕುಳಿತರೆ ಗಮನ ಜಾರುತ್ತದೆ, ಆದ್ದರಿಂದ ಮಕ್ಕಳನ್ನು ನಡುನಡುವೆ ಎಬ್ಬಿಸಬೇಕು, ಮಾತಾಡಿಸಬೇಕು ಎಂದೆ. ಭಯಪಟ್ಟ ಮಗು ಕಲಿಯಲಾರದು ಎಂದೆ. ನನ್ನ ಕಂಠ ಚೆನ್ನಾಗಿದೆ ಎಂದು ನನಗೆ ಮೊದಲಿನಿಂದಲೂ ಸ್ವಲ್ಪ ಜಂಬ. ಆ ಜಂಬದಲ್ಲಿ ಗಡಿಯಾರ ನೋಡಲಿಲ್ಲ.

ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಪೂರ್ತಿ ನರೆತ ಕೂದಲು. ದುಬಲಗುಂಡಿ ಹತ್ತಿರದ ಸಣ್ಣ ಶಾಲೆಯ ವೈಜಿನಾಥ ಮಾಸ್ತರರು.

“ಮೇಡಂ, ಪೋರಗೋಳಿಗಿ ಮುಂಜಾನೆ ಬಾಗಿಲಾಗ ನಿಂದ್ರಸಿ, ನಿನ್ನಿ ಕಲ್ತಿದ್ದು ಒಂದ್ ಹೇಳು, ಆಮ್ಯಾಲ ಒಳಗ ಬಾ ಅಂತ ಕೇಳೂದು ತಪ್ಪೇನ್ರಿ?”

ನಾನು ಕ್ಷಣವೂ ಯೋಚಿಸಲಿಲ್ಲ. “ತಪ್ಪೇ ಸರ್. ಬಾಗಿಲಲ್ಲೇ ಪರೀಕ್ಷೆ ಮಾಡಿದರೆ ಮಗು ಹೆದರುತ್ತದೆ. ಹೆದರಿದ ಮೇಲೆ ದಿನವಿಡೀ ತಲೆಗೆ ಏನೂ ಹತ್ತುವುದಿಲ್ಲ” ಎಂದೆ.

“ಬರೋಬ್ಬರಿರಿ” ಎಂದು ಅವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕುಳಿತರು. ಎಷ್ಟು ವಿನಯದ ಮನುಷ್ಯ ಎಂದು ನಾನು ಖುಷಿಪಟ್ಟೆ.

ಚಹಾದ ಹೊತ್ತಿಗೆ ಘಾಟಬೋರಾಳದ ಶಿಕ್ಷಕಿ ನಸ್ರೀನ್ ನನ್ನ ಪಕ್ಕಕ್ಕೆ ಬಂದರು. ಮೂವತ್ತೈದರ ಒಳಗಿನ ವಯಸ್ಸು, ಮಾತಿನಲ್ಲಿ ತುಂಟತನ. “ಮೇಡಂ, ಸಿಟ್ಟಾಗಬ್ಯಾಡ್ರಿ. ಒಂದೇ ಸಮ ಕೇಳ್ಕೋತ ಕುಂತ್ರ ಗಮನ ಜಾರ್ತದ ಅಂತ ನೀವು ಒಂದೂವರಿ ತಾಸು ಒಂದೇ ಸಮ ಹೇಳಿದ್ರಿ” ಎಂದರು. ನನ್ನ ಮುಖ ಕೆಂಪಾಯಿತು, ಆಮೇಲೆ ನಗು ತಡೆಯಲಾಗಲಿಲ್ಲ. ಇಬ್ಬರೂ ಚಹಾ ಚೆಲ್ಲಿಕೊಂಡೆವು. ಆರು ವರ್ಷಗಳಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಸಂಜೆ ನಸ್ರೀನ್ ನನಗೆ ಕೋಟೆ ತೋರಿಸಿದರು. ಕಲ್ಲಿನ ಬಾಗಿಲುಗಳನ್ನು ದಾಟಿ ಮೇಲೆ ಹತ್ತಿದರೆ ಊರಿನ ಮಾಳಿಗೆಗಳು, ಆಚೆ ಒಣಗುತ್ತಿರುವ ತೊಗರಿ ಹೊಲಗಳು ಕಾಣುತ್ತಿದ್ದವು. ಮೆಟ್ಟಿಲ ಮೇಲೆ ಕುಳಿತು ಹಸಿ ಕಡಲೆ ಸುಲಿದು ತಿನ್ನುತ್ತಿದ್ದಾಗ ಅವರ ತುಂಟತನ ಇದ್ದಕ್ಕಿದ್ದಂತೆ ಇಳಿಯಿತು.

“ವೈಜಿನಾಥ ಸರ್ ನನಗ ಒಂದನೇತ್ತದಿಂದ ನಾಕನೇತ್ತ ತನ ಕಲ್ಸ್ಯಾರ್ರಿ. ಬಾಗಿಲಾಗ ನಿಂದ್ರಸಿ ಕೇಳೂದು ಅವರದೇ ಪದ್ಧತಿ. ನಾನೂ ಹಂಗೇ ನಿಂತು ಒಳಗ ಹೋದಾಕಿ. ಮಧ್ಯಾಹ್ನ ಅವರು ಸಾಲಿಗಿ ಫೋನ್ ಮಾಡಿ, ನಾಳಿಂದ ಯಾರಿಗೂ ಬಾಗಿಲಾಗ ಏನೂ ಕೇಳಬ್ಯಾಡ್ರಿ, ಸುಮ್ಮ ಒಳಗ ಬಿಡ್ರಿ ಅಂದ್ರು. ಆಮ್ಯಾಲ ನನಗ ಏನ್ ಕೇಳಿದ್ರು ಗೊತ್ತದೇನ್ರಿ? ‘ನಸ್ರೀನ್, ನಾ ಮೂವತ್ ವರ್ಷ ನಿಮಗೆಲ್ಲ ಹೆದರಿಸಿದೆನೇನವ್ವ?’ ಅಂತ. ಬರೂ ಮೇದಾಗ ರಿಟೈರ್ ಆಗ್ತಾರ್ರಿ ಅವರು.”

ಆ ಪದ್ಧತಿ ಹೇಗಿತ್ತು ಎಂದು ಆಗ ಕೇಳಿದೆ. ಮೊದಲೇ ಕೇಳಬೇಕಿತ್ತು.

ನಸ್ರೀನ್ ಹೇಳಿದ್ದು ಇಷ್ಟು. ಬೆಳಿಗ್ಗೆ ಮಕ್ಕಳು ಬಾಗಿಲ ಮುಂದೆ ಸಾಲಾಗಿ ನಿಲ್ಲುತ್ತಾರೆ. ಪ್ರತಿಯೊಬ್ಬರೂ ಪುಸ್ತಕ ನೋಡದೆ ತಾವು ಕಲಿತದ್ದೊಂದನ್ನು ಹೇಳಬೇಕು. ಮುಂದಿನವರು ಹೇಳಿದ್ದನ್ನು ಹಿಂದಿನವರು ಹೇಳುವಂತಿಲ್ಲ. ನಿನ್ನೆಯದು ಮುಗಿದರೆ ಹೋದ ವಾರದ್ದು, ಅದೂ ಮುಗಿದರೆ ಹೋದ ತಿಂಗಳದ್ದು. ನೆನಪಾಗದಿದ್ದರೆ ಬೈಗುಳವಿಲ್ಲ, ಏಟಿಲ್ಲ. ಸಾಲಿನ ಕೊನೆಗೆ ಹೋಗಿ ಉಳಿದವರದನ್ನು ಕೇಳುತ್ತ ಇನ್ನೊಮ್ಮೆ ಬರಬೇಕು.

ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಪುಸ್ತಕ ಮುಚ್ಚಿ ನೆನಪಿನಿಂದ ತೆಗೆದಷ್ಟೂ ಕಲಿತದ್ದು ಗಟ್ಟಿಯಾಗುತ್ತದೆ, ನಡುವೆ ದಿನಗಳ ಅಂತರ ಬಿಟ್ಟು ತೆಗೆದರೆ ಇನ್ನೂ ಗಟ್ಟಿ ಎಂಬುದೇ ನನ್ನ ಎರಡನೆಯ ದಿನದ ಪಾಠ. ಅದಕ್ಕಾಗಿ ಹದಿನಾರು ಚಿತ್ರ ಮಾಡಿಕೊಂಡು ಬಂದಿದ್ದೆ. ಅದನ್ನೇ ಮೂವತ್ತು ವರ್ಷ ಮಾಡಿದವರಿಗೆ ಅರ್ಧ ನಿಮಿಷದಲ್ಲಿ ತಪ್ಪು ಎಂದುಬಿಟ್ಟಿದ್ದೆ. ಬಹಳ ನಾಚಿಕೆಯಾಯಿತು. ಊಟಕ್ಕೆ ನಸ್ರೀನ್ ತಮ್ಮ ಚಿಕ್ಕಮ್ಮನ ಮನೆಗೆ ಕರೆದೊಯ್ದರು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ನಾಚಿಕೆಯಾಗಿದ್ದರೂ ನಾಲ್ಕು ರೊಟ್ಟಿ ತಿಂದೆ, ಸುಳ್ಳೇಕೆ ಹೇಳಲಿ.

ಎರಡನೆಯ ದಿನ ಪರದೆ ಬಿಚ್ಚಲೇ ಇಲ್ಲ. ಎಲ್ಲರ ಎದುರು ನಿಂತು, ನಿನ್ನೆ ವೈಜಿನಾಥ ಸರ್ ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ತಪ್ಪು, ಅವರು ಮಾಡುತ್ತಿರುವುದನ್ನೇ ಹೇಳಿಕೊಡಲು ನಾನು ಇಷ್ಟು ದೂರ ಬಂದಿದ್ದೇನೆ ಎಂದೆ. ಚಪ್ಪಾಳೆ ಬಿತ್ತು. ಮಾಸ್ತರರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಎದ್ದು ಕೈ ಮುಗಿದರು.

“ಇರ್ಲಿರಿ ಮೇಡಂ. ನಿನ್ನಿ ಒಂದ್ ಹೇಳಿದ್ರಿ, ಇವತ್ ಒಂದ್ ಹೇಳಾಕತ್ತೀರಿ. ಮುದುಕಗ ಸಮಾಧಾನ ಆಗ್ಲಿ ಅಂತ ಹೇಳಾಕತ್ತೀರಿ, ನಿಮ್ಮ ಮನಸು ದೊಡ್ಡದು. ಆದ್ರ ಪೋರಗೋಳು ಹೆದರತಾರೋ ಇಲ್ಲೋ ನಿಮಗ ಹ್ಯಾಂಗ ಗೊತ್ತರಿ? ನನಗೇ ಗೊತ್ತಿಲ್ಲ.”

ನಸ್ರೀನ್ ಎದ್ದು ನಿಂತರು. “ಸರ್, ನಾಳಿ ಭೇಟಿಗಿ ನಿಮ್ಮ ಸಾಲಿಗೇ ಹೋಗೂಣ್ರಿ. ಬಾಗಲಾ ತೆರದಿಟ್ಟು ನೀವು ದೂರ ನಿಂದರ್ರಿ. ಯಾರೂ ಏನೂ ಕೇಳೂದು ಬ್ಯಾಡ. ಪೋರಗೋಳು ಏನ್ ಮಾಡತಾರ ನೋಡೂಣು” ಎಂದರು.

ಮಾಸ್ತರರು ಜೇಬಿನ ಪೆನ್ನೊಂದನ್ನು ತೆಗೆದು ಮತ್ತೆ ಸಿಕ್ಕಿಸಿಕೊಂಡರು. “ಖುಷಿಲಿಂದ ಒಳಗ ಓಡಿ ಹೋದ್ರ ನಾ ಹೆದರಿಸೀನಿ ಅಂತೇ ಅರ್ಥ. ಆಯ್ತ್ ಬರ್ರಿ” ಎಂದರು.

ಆ ದಿನದ ಉಳಿದ ಪಾಠವೆಲ್ಲ ಎದ್ದು, ಓಡಾಡಿ, ಹಾಡಿ, ಜಗಳಾಡಿ ನಡೆಯಿತು. ಹಳ್ಳಿಖೇಡದ ಮಾಸ್ತರರೊಬ್ಬರು ಭಾಗಾಕಾರಕ್ಕೆ ಕಬ್ಬಿನ ಗಳ ಮುರಿದು ಹಂಚಿದರು. ಪಾಠ ಮುಗಿಯುವ ಮೊದಲೇ ಉದಾಹರಣೆ ಎಲ್ಲರ ಹೊಟ್ಟೆ ಸೇರಿತು. ಅಷ್ಟು ಸಂತೋಷದ ತರಬೇತಿ ನನ್ನ ಕೈಯಲ್ಲಿ ಹಿಂದೆಂದೂ ಆಗಿರಲಿಲ್ಲ. ಆದರೆ ಹಿಂದಿನ ಸಾಲಿನಲ್ಲಿ ವೈಜಿನಾಥ ಮಾಸ್ತರರು ಮಾತ್ರ ಒಮ್ಮೆಯೂ ನಗಲಿಲ್ಲ.

ಮೂರನೆಯ ಬೆಳಿಗ್ಗೆ ಏಳಕ್ಕೇ ಹೊರಟೆವು. ನಾನು, ನಸ್ರೀನ್, ಇನ್ನೂ ಹತ್ತು ಶಿಕ್ಷಕರು. ಮಾಸ್ತರರು ಹಿಂದಿನ ಸಂಜೆಯೇ ಮನೆಗೆ ಹೋಗಿದ್ದರು. ಹುಮನಾಬಾದಿನಲ್ಲಿ ಬಸ್ಸು ಬದಲಿಸಿ, ಬಿಸಿ ಮಿರ್ಚಿ ಭಜಿ ಪೊಟ್ಟಣ ಕಟ್ಟಿಸಿಕೊಂಡು ದುಬಲಗುಂಡಿಯ ಬಸ್ಸಿನಲ್ಲಿ ತಿನ್ನುತ್ತ ಹೋದೆವು. ದಾರಿಯ ಎರಡೂ ಕಡೆ ಬಿಳಿಜೋಳ ಮೊಣಕಾಲೆತ್ತರ ಬಂದಿತ್ತು. ಇಳಿದು ಹೊಲದ ದಾರಿಯಲ್ಲಿ ಹತ್ತು ನಿಮಿಷ ನಡೆದರೆ ಶಾಲೆ. ಎರಡು ಕೋಣೆ, ಒಂದು ಬೇವಿನ ಮರ, ಒಂದು ಕೊಳವೆ ಬಾವಿ.

ಮಾಸ್ತರರು ಬೇವಿನ ಮರದ ಕೆಳಗೆ ನಿಂತಿದ್ದರು, ಕೈ ಹಿಂದೆ ಕಟ್ಟಿಕೊಂಡು. ಬಾಗಿಲು ಅಗಲವಾಗಿ ತೆರೆದಿತ್ತು. ನಾವೆಲ್ಲ ಗೋಡೆಯ ಪಕ್ಕ ಸರಿದು ನಿಂತೆವು. ಮಕ್ಕಳು ಬಂದವು. ಮೊದಲು ಬಂದ ಹುಡುಗಿ ನಾಲ್ಕನೆಯ ತರಗತಿಯ ಪ್ರತೀಕ್ಷಾ. ಎರಡು ಜಡೆ, ಕೆಂಪು ಸ್ವೆಟರ್. ಅವಳು ಬಾಗಿಲ ತನಕ ಓಡುತ್ತಲೇ ಬಂದಳು. ಒಳಗೆ ಓಡಿಯೇ ಬಿಡುತ್ತಾಳೆ ಎಂದುಕೊಂಡೆ.

ಅವಳು ಹೊಸ್ತಿಲ ಈಚೆ ಗಕ್ಕನೆ ನಿಂತಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಮತ್ತೊಬ್ಬ. ಸಾಲು ಬೆಳೆಯಿತು. ಬಾಗಿಲಲ್ಲಿ ಯಾರೂ ಇಲ್ಲ, ಯಾರೂ ತಡೆಯುತ್ತಿಲ್ಲ, ಯಾರೂ ಒಳಗೆ ಹೋಗುತ್ತಲೂ ಇಲ್ಲ.

“ಸರ್, ಅಲ್ಲ್ಯಾಕ ನಿಂತೀರಿ?” ಪ್ರತೀಕ್ಷಾ ಮರದತ್ತ ತಿರುಗಿ ಕೂಗಿದಳು. “ಲಗೂ ಬರ್ರಿ. ನಾ ಎರಡ್ ದಿನದ್ದು ಕೂಡ್ಸಿ ಇಟ್ಟೀನಿ!”

ಮಾಸ್ತರರು ಅಲ್ಲಾಡಲಿಲ್ಲ. ಅವರಿಲ್ಲದ ಎರಡು ದಿನ ಶಾಲೆ ನೋಡಿಕೊಂಡಿದ್ದ ಅತಿಥಿ ಶಿಕ್ಷಕಿ ನಗುತ್ತ ಮುಂದೆ ಬಂದರು. “ನಿನ್ನಿನೂ ಹಿಂಗೇ ಮಾಡ್ಯಾರ್ರಿ ಸರ್. ಸುಮ್ಮ ಒಳಗ ಹೋಗ್ರಿ ಅಂದ್ರ ಒಬ್ರೂ ಹೋಗ್ಲಿಲ್ಲ. ಕಡೀಗಿ ತಾವೇ ಒಬ್ಬರಿಗೊಬ್ಬರು ಕೇಳ್ಕೊಂಡು ಹೋದ್ರು. ನನಗೂ ಬಿಡಲಿಲ್ಲ!”

ಮಾಸ್ತರರು ಬಾರದ್ದನ್ನು ನೋಡಿ ಪ್ರತೀಕ್ಷಾ ತಾನೇ ಬಾಗಿಲ ಪಕ್ಕ ನಿಂತು ಸಾಲು ನಡೆಸತೊಡಗಿದಳು. ಬಾವಲಿ ಹಕ್ಕಿಯಲ್ಲ, ಅದು ಮರಿಗೆ ಹಾಲು ಕೊಡುತ್ತದೆ ಎಂದು ಒಬ್ಬಳು ಹೇಳಿ ಒಳಗೆ ಹೋದಳು. ಏಳೆಂಟ್ಲೆ ಐವತ್ತಾರು ಎಂದು ಒಬ್ಬ. ಕಬ್ಬಿಣಕ್ಕೆ ನೀರು ತಾಗಿದರೆ ತುಕ್ಕು ಹಿಡಿಯುತ್ತದೆ ಎಂದು ಇನ್ನೊಬ್ಬಳು. ಪುಟ್ಟದೊಂದು ಹುಡುಗಿ ಬಾವಲಿಯದನ್ನೇ ಹೇಳಹೋಗಿ ಸಿಕ್ಕಿಬಿದ್ದಳು. ಎಲ್ಲರೂ ನಕ್ಕರು, ಅವಳೂ ನಕ್ಕು ಸಾಲಿನ ಕೊನೆಗೆ ಕುಣಿಯುತ್ತ ಹೋದಳು. ಅಲ್ಲಿ ಹೆದರಿದವರು ಇಬ್ಬರೇ, ನಾನು ಮತ್ತು ಬೇವಿನ ಮರದ ಕೆಳಗಿನ ಮಾಸ್ತರರು. ಮಾಸ್ತರರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ನನ್ನ ಕಣ್ಣೂ ತುಂಬಿ ಬಂತು.

ಮಕ್ಕಳೆಲ್ಲ ಒಳಗಾದ ಮೇಲೆ ನಾನೂ ಹೊರಟೆ. ಪ್ರತೀಕ್ಷಾ ಕೈ ಅಡ್ಡ ಹಿಡಿದಳು.

“ಟೀಚರ್, ನೀವು ಹೇಳೇ ಇಲ್ಲ. ಏನ್ ಕಲ್ತ್ರಿ ಹೇಳ್ರಿ, ಆಮ್ಯಾಲ ಒಳಗ ಬರ್ರಿ.”

ಮಾಸ್ತರರಿಗೂ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ. “ನಿಮ್ಮ ಮಾಸ್ತರರು ಮೂವತ್ತು ವರ್ಷದಿಂದ ಸರಿಯಾಗಿಯೇ ಕಲಿಸುತ್ತಿದ್ದಾರೆ ಅಂತ ಕಲಿತೆ.”

ಹುಡುಗಿ ತಲೆ ಅಲ್ಲಾಡಿಸಿದಳು. “ಅದು ನಮಗೆಲ್ಲ ಮೊದಲೇ ಗೊತ್ತದರಿ. ಬ್ಯಾರೆ ಹೇಳ್ರಿ.”

ಬೇವಿನ ಮರದ ಕೆಳಗಿನಿಂದ ದೊಡ್ಡ ನಗು ಕೇಳಿಸಿತು. ಮೂರು ದಿನಗಳಲ್ಲಿ ಮಾಸ್ತರರು ನಕ್ಕದ್ದು ಅದೇ ಮೊದಲು. ನಾನು ತಲೆ ಕೆರೆದುಕೊಳ್ಳುತ್ತ ಸಾಲಿನ ಕೊನೆಗೆ ಹೋಗಿ ನಿಂತೆ. ನನ್ನ ಮುಂದೆ ಹನ್ನೊಂದು ಜನ ಶಿಕ್ಷಕರು ಆಗಲೇ ಸರದಿಯಲ್ಲಿದ್ದರು, ಏನು ಹೇಳುವುದೆಂದು ಬಾಯಲ್ಲೇ ಗುನುಗಿಕೊಳ್ಳುತ್ತ.