ಬೊಲಿವಿಯಾದ ಕಲ್ಲು, ಗುಬ್ಬಿಯ ಮೇಷ್ಟ್ರು

ಮಗಳ ಸ್ಕೂಲ್ ಪ್ರಾಜೆಕ್ಟಿಗೆಂದು ಮೊನ್ನೆ ತುಮಕೂರಿನ ಸ್ಟೇಷನರಿ ಅಂಗಡಿಯಲ್ಲಿ ಟ್ರೇಸಿಂಗ್ ಪೇಪರ್ ಕೇಳಿದೆ. ಅಂಗಡಿಯವನು ಸುರುಳಿ ಬಿಚ್ಚಿದ. ಆ ಜಿಡ್ಡುಜಿಡ್ಡು ವಾಸನೆ ಮೂಗಿಗೆ ಬಡಿಯುತ್ತಲೇ ಗುಬ್ಬಿಯ ನಮ್ಮ ಡ್ರಾಯಿಂಗ್ ಮೇಷ್ಟ್ರು ನೆನಪಾದರು. ಹೊರಗೆ ಬಂದರೆ ಗಾಡಿ ಎಲ್ಲಿ ನಿಲ್ಲಿಸಿದ್ದೆನೆಂಬುದೇ ತೋಚಲಿಲ್ಲ...

ಹೈಸ್ಕೂಲಿನಲ್ಲಿ ನಮಗೆ ಹೂಜಿ, ಬಾಳೆಹಣ್ಣು ಬರೆಯಲು ಕಲಿಸಿದವರು ಅವರು. ಅವರ ನಿಜವಾದ ಹುಚ್ಚು ಬೇರೆಯೇ ಇತ್ತು. ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅವರಿಗೆ ಬೊಲಿವಿಯಾ ದೇಶದ ಪುರಾತನ ಕಲ್ಲುಪ್ರತಿಮೆಯ ಚಿತ್ರ ಸಿಕ್ಕಿತ್ತು. ಆಂಡೀಸ್ ಬೆಟ್ಟಗಳ ಸೀಮೆಯಲ್ಲಿ ದೊರೆತ, ಸವೆದುಹೋದ ಮನುಷ್ಯಾಕೃತಿ. ಅದರ ಮೈಮೇಲೆ ಗೀರುಗಳು. ಅವು ಅಕ್ಷರಗಳೆಂದು ಕೆಲವರು, ಅಲ್ಲವೇ ಅಲ್ಲವೆಂದು ಕೆಲವರು ವಾದಿಸುತ್ತಿದ್ದರಂತೆ. ಮೇಷ್ಟ್ರು ಚಿತ್ರವನ್ನು ದೊಡ್ಡದು ಮಾಡಿಸಿ, ಒಂದೊಂದು ಗೀರನ್ನೂ ವರ್ಷಗಟ್ಟಲೆ ಟ್ರೇಸ್ ಮಾಡಿದರು. ರಜೆ ಬಂದರೆ ಹಾಗಲವಾಡಿ ಕಡೆಯ ವೀರಗಲ್ಲುಗಳ ಮುಂದೆ ಕೂತು, ಉಳಿ ಕೊರೆದ ಗೆರೆ ಹೇಗಿರುತ್ತದೆ, ಬಿಸಿಲುಮಳೆಗೆ ಬಿರಿದ ಗೆರೆ ಹೇಗಿರುತ್ತದೆ ಎಂದು ಹೋಲಿಸಿ ನೋಡುತ್ತಿದ್ದರು.

ಆಗ ನಾನು ಓದು ಮುಗಿಸಿ ತುಮಕೂರಿನ ಪತ್ರಿಕೆಯೊಂದಕ್ಕೆ ಹೊಸದಾಗಿ ಸೇರಿದ್ದೆ. ಹೆಸರು ಮಾಡುವ ಆತುರ. ಅವರ ಮನೆಗೆ ಹೋದಾಗ ಮೇಷ್ಟ್ರು ನಡುಮನೆಯ ತುಂಬ ಹಾಳೆ ಹರಡಿದರು. ಒಂದು ಗೀರು ನನ್ನ ಕಣ್ಣಿಗೆ ಬಿತ್ತು.

"ಸಾರ್, ಇದು ಕನ್ನಡದ ರ ಅಲ್ವಾ?"

"ರ ಥರ ಕಾಣ್ತದೆ, ಅಷ್ಟೇ ಕಣಯ್ಯಾ. ಅದು ಅಕ್ಷರಾನೇ ಅನ್ನೋಕೂ ನನ್ಹತ್ರ ಸಾಕ್ಷಿ ಇಲ್ಲ. ಗೊತ್ತಿಲ್ಲ ಅಂತಲೇ ಬರಿ."

ನಾನು ಬರೆದದ್ದು ಬೇರೆ. 'ಬೊಲಿವಿಯಾ ಪ್ರತಿಮೆಯಲ್ಲಿ ಕನ್ನಡ: ಗುಬ್ಬಿ ಶಿಕ್ಷಕರ ಶೋಧ.' ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ.

ಕುಣಿಗಲ್ಲಿನಲ್ಲಿ ಸಂಘವೊಂದು ಸನ್ಮಾನ ಇಟ್ಟುಕೊಂಡಿತು. ತಪ್ಪನ್ನು ತಿದ್ದಬಹುದೆಂದೇ ಮೇಷ್ಟ್ರು ಹೋದರು. ವರದಿಗೆಂದು ನಾನೂ ಹೋಗಿದ್ದೆ. ಶಾಲು ಹೊದಿಸಿದ ಮೇಲೆ ಮೈಕಿನ ಮುಂದೆ ನಿಂತು, "ನಾನು ಹಾಗೆ ಹೇಳಿಲ್ಲ. ಪೇಪರ್‌ನಲ್ಲಿ ಬಂದಿರೋದು ತಪ್ಪು" ಎಂದರು. ಸಭೆಯಲ್ಲಿ ಗದ್ದಲವೆದ್ದಿತು. ಕನ್ನಡದ್ರೋಹಿ ಎಂದು ಯಾರೋ ಕೂಗಿದರು. ಸಂಘದ ಅಧ್ಯಕ್ಷರು ನನ್ನ ಕಡೆ ಕೈ ತೋರಿಸಿ, "ಬರ್ದೋರು ಇಲ್ಲೇ ಅವ್ರಲ್ಲ, ಅವ್ರೇ ಹೇಳ್ಲಿ" ಎಂದರು.

ನಾನು ಎದ್ದು ನಿಂತೆ. "ನೀವೇ ಹೇಳಿದ್ರಲ್ಲಾ, ಸಾರ್..."

ಮೇಷ್ಟ್ರು ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ಗುಬ್ಬಿಗೆ ಹೊರಟುಹೋದರು.

ಆಮೇಲೆ ಊರಲ್ಲಿ ಅವರಿಗೆ 'ಬೊಲಿವಿಯಾ' ಎಂದೇ ಹೆಸರಾಯಿತು. ಕೆಲವರ ಬಾಯಲ್ಲಿ ಬುರುಡೆ ಮೇಷ್ಟ್ರು, ಕೆಲವರ ಬಾಯಲ್ಲಿ ದ್ರೋಹಿ. ನನಗೆ ಪತ್ರಿಕೆಯಲ್ಲಿ ಬಡ್ತಿ ಸಿಕ್ಕಿತು. ಎರಡು ವರ್ಷದ ನಂತರ ಧೈರ್ಯ ಮಾಡಿ ಹೋಗಿ, ತಿದ್ದುಪಡಿ ಹಾಕಿಸುತ್ತೇನೆ ಎಂದೆ. ಅವರು ನನ್ನನ್ನು ಒಳಗೆ ಕರೆಯಲಿಲ್ಲ, ಬೈಯಲೂ ಇಲ್ಲ.

"ಬುಡಯ್ಯಾ. ಹಾಳೆಗಳ್ನೆಲ್ಲ ಗುಜರಿಗೆ ಹಾಕ್ಬುಟ್ಟೆ. ಈಗ ಯಾವ ಕಲ್ಲು ನೋಡೋಕೂ ಮನಸ್ಸಾಗಲ್ಲ, ಅದೊಂದೇ ಬೇಜಾರು."

ತಿದ್ದುಪಡಿಯನ್ನು ನಾನು ಹಾಕಿಸಲಿಲ್ಲ. ಇವತ್ತು, ನಾಳೆ ಎನ್ನುತ್ತಿರುವಾಗಲೇ ಅವರು ತೀರಿಕೊಂಡರು...

ಅಂಗಡಿಯಿಂದ ಬಂದ ಮೇಲೆ ನೆಮ್ಮದಿ ಇರಲಿಲ್ಲ. ಈ ಭಾನುವಾರ ಬೆಳ್ಳಾವಿಯಲ್ಲಿರುವ ಅವರ ಮಗಳ ಮನೆ ಹುಡುಕಿಕೊಂಡು ಹೋದೆ. ಎಲ್ಲ ಹೇಳಿಬಿಡಬೇಕೆಂದೇ ಹೋದದ್ದು. ಮೇಷ್ಟ್ರ ಹತ್ತಿರ ಓದಿದವನು ಎಂದಷ್ಟೇ ಹೇಳುತ್ತಲೇ ಆಕೆಯ ಮುಖ ಅರಳಿತು. ಕುರ್ಚಿ ಹಾಕಿ ಕೂರಿಸಿ, ಕಾಫಿ ತಂದುಕೊಟ್ಟಳು.

"ಯಾವನೋ ಪೇಪರ್‌ನೋನು ಸುಳ್ಳು ಬರ್ದು ನಮ್ಮಪ್ಪನ್ನ ಮೂಲೆಗೆ ಕೂರ್‍ಸಿಬುಟ್ಟ. ಆದ್ರೆ ಪಾಠ ಹೇಳ್ಕೊಟ್ಟ ಹುಡುಗ್ರು ಮಾತ್ರ ಅಪ್ಪನ್ನ ಮರೀಲಿಲ್ಲ, ನೋಡಿ ಅಣ್ಣ. ನಿಮ್ಮ ಹೆಸ್ರೇನು?"

ನಾನು ಬೇರೆ ಯಾವುದೋ ಹೆಸರು ಹೇಳಿದೆ.